ಹೊಳೆದಂಡೆಯ ಮನಾರ

ಮದ್ದೂರು
ತಾ. ೧೪-೧೧-೧೯೪೩, ಭಾನುವಾರ

ಪುಣೆಯ ಮಿಲಿಟರಿ ಲೆಕ್ಕದ ಕಚೇರಿಯಲ್ಲಿ ಕುರ್ಚಿ ಬಿಟ್ಟು ಏಳದೆ ಮಹಾಯುದ್ಧ ಗೆಲ್ಲುತ್ತಿರುವ ವೀರಾಧಿವೀರ ಸಂಪತ್ ಕುಮಾರನಿಗೆ,

ಮದ್ದೂರು ಪೇಟೆಬೀದಿಯ ಸೈಕಲ್ ರಿಪೇರಿ ಸಾರ್ವಭೌಮ ಅಫ್ಸರ್ ಪಾಷಾ ಮಾಡುವ ಸಲಾಮು ಮತ್ತು ಆಶೀರ್ವಾದ. ಆಶೀರ್ವಾದ ಮಾಡಲು ನೀನ್ಯಾರು ಎಂದು ಕೇಳಬೇಡ. ನಾನು ನಿನಗಿಂತ ಹನ್ನೊಂದು ದಿನ ದೊಡ್ಡವನು. ಅನುಮಾನವಿದ್ದರೆ ನಿಮ್ಮ ತಾಯಿ ತಿರುಮಲಮ್ಮನವರನ್ನು ವಿಚಾರಿಸು. ಇಲ್ಲಿ ನಾವೆಲ್ಲ ಬದುಕಿದ್ದೇವೆ, ಅಜ್ಜಿ ನಮಗಿಂತ ಸ್ವಲ್ಪ ಜಾಸ್ತಿಯೇ ಬದುಕಿದ್ದಾಳೆ. ನೀನೂ ಹಾಗೇ ಇದ್ದೀಯೆಂದು ನಂಬಿ ಮುಂದುವರಿಯುತ್ತೇನೆ.

ನಿನ್ನ ಕಾಗದ ಬಂದು ಮೂರು ತಿಂಗಳಾಯಿತು. ತಪ್ಪಾಯಿತು ಕಣೋ. ಎಡಗೈಯಲ್ಲಿ ಕಿವಿ ಹಿಡಿದುಕೊಂಡೇ ಬಲಗೈಯಲ್ಲಿ ಬರೆಯುತ್ತಿದ್ದೇನೆಂದು ತಿಳಿ. ನಾಲ್ಕು ಸಲ ಬರೆಯಲು ಶುರುಮಾಡಿ ನಾಲ್ಕು ಸಲವೂ ಹರಿದುಹಾಕಿದೆ. ಕಾಗದಕ್ಕೆ ಎಂಥ ಬರ ಬಂದಿದೆಯೆಂದು ನಿನಗೆ ಗೊತ್ತಲ್ಲ. ಇವು ಹೋದ ವರ್ಷದ ಕಂಪನಿ ನಾಟಕದ ಕರಪತ್ರಗಳ ಬೆನ್ನು. ತಿರುಗಿಸಿದರೆ ಕೃಷ್ಣನ ಪಾರ್ಟಿನವನ ಮುಖ ಕಾಣುತ್ತದೆ. ಅವನನ್ನು ನೋಡಿ ನಗಬೇಡ, ಅವನೂ ಬದುಕಬೇಕು.

ಈಗ ನಿನ್ನ ಪ್ರಶ್ನೆಗೆ ಬರೋಣ. ಬೊಂಬಾಯಿಗೆ ಹೋಗಿದ್ದಾಗ ಸಮುದ್ರದ ನಡುವೆ ದೀಪದ ಗೋಪುರ ನೋಡಿದೆಯಂತೆ. ಜೊತೆಯ ಮರಾಠಿ ಗುಮಾಸ್ತ ‘ಇದಕ್ಕೆ ನಿಮ್ಮ ಕಡೆ ಏನಂತೀರಿ’ ಎಂದನಂತೆ. ಮದ್ದೂರಿನ ಮಿಡ್ಲ್‌ಸ್ಕೂಲ್ ಹೆಡ್‌ಮಾಸ್ತರ್ ಯೋಗಾನರಸಿಂಹ ಮೇಷ್ಟ್ರ ಸುಪುತ್ರನಿಗೆ ಬಾಯಿ ಕಟ್ಟಿಹೋಯಿತಂತೆ. ಲೇ ಸಂಪತ್ತು, ನಿನಗೆ ನಾಚಿಕೆಯಾಗಬೇಕು. ಹತ್ತು ವರ್ಷ ಲೈಟ್‌ಹೌಸಿನ ಬುಡದಲ್ಲೇ ಗೋಲಿ ಆಡಿ, ಸೋತು, ನನ್ನ ಗೋಲಿ ಕದ್ದು ಬೆಳೆದವನು ನೀನು. ನಮ್ಮ ಅಜ್ಜಿ ಸುಲ್ತಾನ್ ಬೀ ದಿನಾ ಮುಸ್ಸಂಜೆ ಹೊಳೆದಂಡೆಯ ಗಾರೆಕಂಬದ ಮೇಲೆ ಲಾಂದ್ರ ಇಡುತ್ತಿದ್ದಳಲ್ಲ, ಅದನ್ನು ಏನೆಂದು ಕರೆಯುತ್ತಿದ್ದೆವು? ಮನಾರ. ಅದೇ ಆ ಶಬ್ದ. ಅದರ ಚರಿತ್ರೆಯನ್ನು ಯಥಾಮತಿ ನಿರೂಪಿಸುತ್ತೇನೆ. ಮಧ್ಯದಲ್ಲಿ ಎದ್ದುಹೋದವರಿಗೆ ಮುಂದಿನ ಜನ್ಮದಲ್ಲಿ ಪಂಕ್ಚರ್ ಆದ ಸೈಕಲ್ಲೇ ಗತಿ.

ಆ ಕಂಬ ಕಟ್ಟಿದವರು ಅಜ್ಜಿಯ ಗಂಡನ ತಾತ. ಅವರು ಹಜ್ ಮುಗಿಸಿ ಹಡಗಿನಲ್ಲಿ ಬೊಂಬಾಯಿಗೆ ಬರುವಾಗ ಮೂರು ದಿನ ಗಾಳಿಮಳೆಗೆ ಸಿಕ್ಕಿದರಂತೆ. ನಾಲ್ಕನೆಯ ಸಂಜೆ ಮೋಡದ ಕೆಳಗೆ ಒಂದು ಚುಕ್ಕೆ ಬೆಳಕು ಕಂಡಿತು. ಹಡಗಿನ ಅರಬ್ಬಿ ಖಲಾಸಿಗಳು ‘ಮನಾರ, ಮನಾರ’ ಎಂದು ಕೂಗಿ ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಮ್ಮ ಈ ಹಿರಿಯರೂ ತಬ್ಬಿಕೊಂಡರು, ಯಾಕೆಂದು ತಿಳಿದದ್ದು ಆಮೇಲೆ. ನೀನು ಕಂಡ ಗೋಪುರ ಬಹುಶಃ ಆ ಬೆಳಕಿನ ಮೊಮ್ಮಗನಿರಬೇಕು. ಊರಿಗೆ ಬಂದವರೇ ಹಜ್ಜಿನಿಂದ ಖರ್ಜೂರ ತಂದದ್ದು ಸಾಲದೆಂದು ಆ ಶಬ್ದವನ್ನೂ ಹೊಳೆದಂಡೆಯ ಮೇಲೆ ನೆಟ್ಟರು.

ನೆಟ್ಟ ಜಾಗ ಸರಿಯಾಗಿತ್ತು. ಶಿಂಷೆಯ ತಳದಲ್ಲಿ ಅಲ್ಲಿ ಗಾಡಿಯಗಲದ ಹಾಸುಬಂಡೆಯಿದೆ, ಎರಡು ಪಕ್ಕದಲ್ಲೂ ಆಳದ ಮಡು. ಕೊಪ್ಪದ ಕಡೆಯ ಗಾಡಿಗಳು ಸೇತುವೆ ಸುತ್ತಿಬಂದರೆ ಮೂರು ಮೈಲಿ ದಂಡ. ಬಂಡೆಯ ಮೇಲೆ ಬಂದರೆ ಬೀಡಿ ಸೇದಿ ಮುಗಿಸುವಷ್ಟರಲ್ಲಿ ಮದ್ದೂರು. ಆದರೆ ಮಬ್ಬಾದಮೇಲೆ ನೀರಿನೊಳಗಿನ ಬಂಡೆ ಯಾರಿಗೆ ಕಾಣುತ್ತದೆ? ಅದಕ್ಕೇ ಗಾಡಿಯವರ ಉಪಾಯ ನಿನಗೆ ಗೊತ್ತು: ಗಾಡಿಯ ಮುಂದಿನ ಮೂಕಿಮರದ ಮೇಲೆ ನೆಟ್ಟಗೆ ಕೂತು ಎರಡು ಎತ್ತಿನ ನಡುವೆ ಮನಾರದ ದೀಪವನ್ನು ಇಟ್ಟುಕೊಳ್ಳಬೇಕು. ದೀಪ ಎಡದೆತ್ತಿನ ಕೊಂಬಿಗೆ ತಾಗಿದರೆ ಎಡಕ್ಕೆ ಎಳೆ, ಬಲದೆತ್ತಿನ ಕೊಂಬಿಗೆ ತಾಗಿದರೆ ಬಲಕ್ಕೆ. ಕಂಬವನ್ನು ಬಂಡೆಯ ನೇರಕ್ಕೇ ಕಟ್ಟಿದ್ದಾರೆ. ಹಾಗೆ ಬಂದ ಗಾಡಿಯ ಗಾಲಿ ಒಂದು ಗೇಣೂ ಆಚೀಚೆ ಆಗುವುದಿಲ್ಲ.

ಹೀಗಾಗಿ ಗಾಡಿಯವರ ಬಾಯಲ್ಲಿ ಶಬ್ದ ತಾನೇ ಬೆಳೆಯಿತು. ‘ಮನಾರ ಕಂಡ್ತು’ ಅಂದರೆ ಇನ್ನು ಹೆದರಿಕೆಯಿಲ್ಲ ಎಂದರ್ಥ. ಮರಿಸಿದ್ದಯ್ಯನ ಕೊನೆಯ ಮಗಳಿಗೆ ಗಂಡು ಗೊತ್ತಾದ ದಿನ ಅವನು ವೀಳ್ಯ ಹಂಚುತ್ತ ‘ಅಂತೂ ಮನಾರ ಕಂಡಂಗಾಯ್ತು ಕಣ್ರಪ್ಪ’ ಎಂದದ್ದನ್ನು ನಾವಿಬ್ಬರೂ ಕೇಳಿದ್ದೇವೆ. ಆ ದಿನ ನೀನು ಏಳು ಒಬ್ಬಟ್ಟು ತಿಂದದ್ದೂ ಚರಿತ್ರೆಯ ಭಾಗವೇ.

ಈಗ ದುಃಖದ ಅಧ್ಯಾಯ. ಗಾಳಿಗೆ ಹೊಂಗೆ ಎಣ್ಣೆಯ ದೀಪ ನಿಲ್ಲುವುದಿಲ್ಲವೆಂದು ನಮ್ಮಪ್ಪನ ಕಾಲದಲ್ಲೇ ಗಾಜಿನ ಲಾಂದ್ರ ಬಂದಿತ್ತು. ಅದಕ್ಕೆ ಸೀಮೆಎಣ್ಣೆಯೇ ಆಗಬೇಕು. ಸೀಮೆಎಣ್ಣೆಗೆ ಕಾರ್ಡು ಬಂದಮೇಲೆ ಮನೆಗೆ ಸಿಕ್ಕುವುದು ಇಷ್ಟೇ ಇಷ್ಟು. ಅಜ್ಜಿ ಅಡಿಗೆಮನೆಯನ್ನು ಕತ್ತಲೆಯಲ್ಲಿಟ್ಟು ಆ ಎಣ್ಣೆಯನ್ನೂ ಕಂಬಕ್ಕೇ ಸುರಿದಳು. ಉಪ್ಪಿನ ಬದಲು ಸೋಡಾ ಬಿದ್ದ ಸಾರನ್ನು ನಾವು ಎರಡು ಸಲ ಉಂಡೆವು. ಜುಲೈ ಹೊತ್ತಿಗೆ ಅದೂ ಮುಗಿಯಿತು. ಮೂರು ವಾರ ಕಂಬ ಬರಿದಾಗಿ ನಿಂತಿತು. ಆಗ ಶಬ್ದಕ್ಕೆ ಇನ್ನೊಂದು ಅರ್ಥ ಹುಟ್ಟಿತು: ಎತ್ತರಕ್ಕೆ ಬೆಳೆದು ಕೆಲಸಕ್ಕೆ ಬಾರದವನಿಗೆ ‘ಎಣ್ಣೆ ಇಲ್ದ ಮನಾರ’. ಅದಕ್ಕೆ ಉದಾಹರಣೆಯಾಗಿ ಊರು ಯಾರ ಹೆಸರು ಹೇಳುತ್ತಿತ್ತು ಎಂಬುದನ್ನು ವಿನಯದಿಂದ ಬಿಟ್ಟಿದ್ದೇನೆ.

ಅಜ್ಜಿ ಸುಮ್ಮನಿರಲಿಲ್ಲ. ದೀಪವಿಲ್ಲದಿದ್ದರೇನು ಎಂದು ಸಂಜೆ ದಂಡೆಯ ಮೇಲೆ ನಿಂತು ತಾನೇ ಕೂಗತೊಡಗಿದಳು. ‘ಎಡಕ್ ಬಾರ್ಲಾ! ಇನ್ನೊಂಚೂರು! ಸಾಕು, ಸಾಕು, ನೆಟ್ಗ್ ಒಡಿ!’ ಎಪ್ಪತ್ತು ದಾಟಿದ ಗಂಟಲು. ಐದನೆಯ ದಿನಕ್ಕೆ ದನಿ ಬಿದ್ದುಹೋಯಿತು. ಆರನೆಯ ದಿನ ಕೆಂಪಸಿದ್ದಯ್ಯನ ಗಾಡಿ ಬಂಡೆ ತಪ್ಪಿ ಎಡಗಾಲಿ ಮಡುವಿಗಿಳಿಯಿತು. ನಾವು ಹತ್ತು ಜನ ನೀರಿಗಿಳಿದು ಮೇಲೆತ್ತಿದೆವು. ಅವನಿಗೇನೂ ಆಗಲಿಲ್ಲ, ಎಡದೆತ್ತಿನ ಮುಂಗಾಲು ಮುರಿದಿತ್ತು. ಆ ಎತ್ತಿನ ಹೆಸರು ರಾಮ. ಕೆಂಪಸಿದ್ದಯ್ಯ ಅಜ್ಜಿಯನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಬುಡಮ್ಮ, ನೀನೇನ್ ಮಾಡೀಯೆ, ಎಣ್ಣೆ ಇಲ್ಲ ಅಂದ್ರೆ ಇಲ್ಲ’ ಎಂದು ಎತ್ತಿನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತ. ಅಜ್ಜಿ ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಬಿದ್ದ ದನಿಯಲ್ಲೇ ನನಗೆ ಹೇಳಿದಳು: ‘ಲೇ ಅಫ್ಸರ್, ಊರ್‌ನೋರ್ನೆಲ್ಲ ಆಟ ಆಡಿಸ್ತೀಯಲ್ಲ, ಆ ತಲೇನ ಒಂದ್ ಸಲ ಕೆಲ್ಸಕ್ಕೆ ಇಕ್ಕು.’

ಇಕ್ಕಿದೆ.

ತಾಲ್ಲೂಕು ಕಚೇರಿಯಲ್ಲಿ ಹೆಚ್ಚಿನ ಸೀಮೆಎಣ್ಣೆಗೆ ಅರ್ಜಿಯ ನಮೂನೆಯೊಂದಿತ್ತು. ಎಲ್ಲಿಯೋ ಸಮುದ್ರದ ಕಡೆಯ ಪ್ರಾಂತ್ಯಕ್ಕೆಂದು ಮಾಡಿದ್ದನ್ನು ಇಲ್ಲಿಗೂ ಕಳಿಸಿದ್ದಾರೆ. ಯಾವ ಉದ್ದೇಶಕ್ಕೆ ಎಂಬ ಕಾಲಮ್ಮಿನಲ್ಲಿ ಆಸ್ಪತ್ರೆ, ರೈಲ್ವೆ ಸಿಗ್ನಲ್ಲು, ತಂತಿಯಾಫೀಸು, ಕೊನೆಯಲ್ಲಿ ಲೈಟ್‌ಹೌಸು! ನೂರು ಮೈಲಿಯೊಳಗೆ ಸಮುದ್ರದ ವಾಸನೆಯಿಲ್ಲದ ಮದ್ದೂರಿನಲ್ಲಿ ಈ ಪದ ನನ್ನನ್ನೇ ಕಾಯುತ್ತ ಕೂತಿತ್ತು. ಉಳಿದದ್ದನ್ನೆಲ್ಲ ಹೊಡೆದುಹಾಕಿ ಲೈಟ್‌ಹೌಸಿಗೆ ಗುರುತು ಮಾಡಿದೆ. ಕಾವಲಿನವರ ಹೆಸರು: ಸುಲ್ತಾನ್ ಬೀ. ಪ್ರತಿದಿನ ದಾಟುವ ನೌಕೆಗಳು: ಹದಿನೈದರಿಂದ ಇಪ್ಪತ್ತು. ನೌಕೆಯ ಚಾಲಕಶಕ್ತಿ: ಎರಡೆತ್ತು. ಕೆಳಗೆ ಸರ್ಕಾರಿ ಶಾಲೆಯ ಹೆಡ್‌ಮಾಸ್ತರರ ದೃಢೀಕರಣದ ರುಜು, ಅದಕ್ಕೆ ಮೇಲಿನವರ ಅನುಮತಿ ಬೇಕೆಂದಿತ್ತು. ರುಜುವೂ ಬಿತ್ತು. ಕಚೇರಿಯವರು ಓದಿದರೋ ಇಲ್ಲವೋ, ಹದಿನೈದು ದಿನದಲ್ಲಿ ಒಂದು ಡಬ್ಬ ಎಣ್ಣೆ ಮಂಜೂರಾಯಿತು. ಅಜ್ಜಿ ಗಾಜಿನ ಬುರುಡೆಯನ್ನು ಬೂದಿ ಹಾಕಿ ಉಜ್ಜಿ, ಬತ್ತಿ ಕತ್ತರಿಸಿ ಹಚ್ಚಿದಳು. ಆ ಸಂಜೆ ಗಾಡಿಯವರು ಹೊಳೆಯ ಮಧ್ಯದಿಂದಲೇ ಹೋ ಎಂದು ಕೂಗಿದರು.

ನಾನು ಮೀಸೆ ತಿರುವಿಕೊಂಡು ಓಡಾಡಿದ್ದು ಮೂರು ವಾರ. ಸೆಪ್ಟೆಂಬರಿನಲ್ಲಿ ನೋಟೀಸು ಬಂತು: ಸರಬರಾಜು ಇನ್ಸ್‌ಪೆಕ್ಟರು ಮದ್ದೂರಿನ ಲೈಟ್‌ಹೌಸನ್ನು ಖುದ್ದಾಗಿ ತನಿಖೆ ಮಾಡುತ್ತಾರೆ, ಸುಳ್ಳೆಂದು ಕಂಡರೆ ಎಣ್ಣೆ ನಿಲ್ಲುತ್ತದೆ, ಅರ್ಜಿದಾರರ ಮೇಲೆ ಕ್ರಮವಾಗುತ್ತದೆ. ಅರ್ಜಿದಾರಳು ಅಜ್ಜಿ! ನನ್ನ ಮೀಸೆ ತಾನಾಗಿ ಕೆಳಗಿಳಿಯಿತು. ನಿಮ್ಮ ಮನೆಗೆ ಓಡಿದೆ. ‘ಮೇಷ್ಟ್ರೇ, ಯಾರೋ ನಮ್ಮ ಮನಾರವನ್ನು ಲೈಟ್‌ಹೌಸು ಅಂತ ಬರೆದುಬಿಟ್ಟಿದ್ದಾರೆ’ ಎಂದೆ.

ನಿಮ್ಮ ತಂದೆಯವರು ಕನ್ನಡಕದ ಮೇಲಿಂದ ನೋಡಿದರು. ‘ಆ ಯಾರೋ ಅನ್ನೋನು ಸೈಕಲ್ ರಿಪೇರಿ ಮಾಡ್ತಾನೇನೋ?’

‘ಬಿಡುವಿದ್ದಾಗ ಮಾಡುತ್ತಾನೆ’ ಎಂದೆ.

ಬೈಯುತ್ತಾರೆಂದುಕೊಂಡೆ. ಅವರು ಬೈಯಲಿಲ್ಲ. ‘ಮನಾರ, ಮನಾರ’ ಎಂದು ಎರಡು ಸಲ ಬಾಯಲ್ಲೇ ಹೊರಳಿಸಿ, ಹೆಗಲಿಗೆ ಉತ್ತರೀಯ ಹಾಕಿಕೊಂಡು ಸೀದಾ ಮಸೀದಿಯ ಹಜರತ್ತರಲ್ಲಿಗೆ ಹೋಗಿ ಅವರನ್ನು ಕೈಹಿಡಿದು ಕರಕೊಂಡು ಬಂದರು. ಇಬ್ಬರೂ ನಿಮ್ಮ ಜಗಲಿಯ ಮೇಲೆ ಒಂದು ಮಧ್ಯಾಹ್ನವೆಲ್ಲ ಕೂತರು. ನಾನು ಸೈಕಲ್ ಚೈನಿಗೆ ಎಣ್ಣೆ ಬಿಡುವ ನೆಪದಲ್ಲಿ ಅಲ್ಲೇ ಇದ್ದೆ.

ಹಜರತ್ತರು ಹೇಳಿದರು: ‘ಅರಬ್ಬಿಯಲ್ಲಿ ನೂರ್ ಅಂದ್ರೆ ಬೆಳಕು, ನಾರ್ ಅಂದ್ರೆ ಬೆಂಕಿ. ಬೆಳಕು ಇಡೋ ಜಾಗ ಮನಾರ. ಸಮುದ್ರದ ದಂಡೇಲಿ ಕಲ್ಲು ಪೇರಿಸಿ ಮೇಲೆ ಬೆಂಕಿ ಹಾಕೋರು, ಹಡಗಿಗೆ ದಾರಿ ಕಾಣ್ಲಿ ಅಂತ. ಮರಳುಗಾಡಲ್ಲಿ ಒಂಟೆಯೋರಿಗೆ ನೆಟ್ಟ ಗುರುತಿನ ಕಲ್ಲಿಗೂ ಇದೇ ಮಾತು ಹತ್ತಿರದ್ದು.’

‘ಹಾಗಾದ್ರೆ ಮಸೀದಿ ಗೋಪುರಕ್ಕೆ ಹೇಗೆ ಬಂತು?’

‘ಅದು ಆಮೇಲಿಂದು ಸ್ವಾಮಿ. ಎತ್ತರಕ್ಕೆ ನಿಂತದ್ದಕ್ಕೆ ಅದೇ ಹೆಸರು ಅಂಟಿಕೊಳ್ತು. ಬೆಂಕಿ ಆರಿತು, ಗೋಪುರ ಉಳೀತು. ಉರ್ದು ಬಾಯಿಗೆ ಬರೋಹೊತ್ತಿಗೆ ಮಿನಾರ್ ಆಯ್ತು. ಈಗ ಮಿನಾರ್ ಅಂದ್ರೆ ದೀಪ ಯಾರಿಗೂ ನೆನಪಾಗಲ್ಲ.’

ನಿಮ್ಮ ತಂದೆ ತೊಡೆ ತಟ್ಟಿಕೊಂಡರು. ‘ಶಬ್ದ ಅನ್ನೋದು ಬಾಡಿಗೆಮನೆ ಹಜರತ್ತರೇ. ಮೊದಲಿದ್ದೋನು ಖಾಲಿ ಮಾಡ್ತಾನೆ, ಇನ್ನೊಬ್ಬ ಬರ್ತಾನೆ, ಗೋಡೆ ಮೇಲಿನ ಮೊಳೆ ಮಾತ್ರ ಮೊದಲಿನವನದ್ದು!’

ನನಗೆ ಊಟ ತಂದಿದ್ದ ಅಜ್ಜಿ ಬೀದಿಯಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. ‘ಯಾರ್ ಖಾಲಿ ಮಾಡಿದ್ದು ಮೇಷ್ಟ್ರೆ? ನಮ್ಮನೇಲಿ ನಾವೇ ಇದೀವಿ. ಬೆಂಕಿ ಆರಿದ್ದು ಎಲ್ಲೋ ಏನೋ, ನಮ್ದು ಆರಿಲ್ವಲ್ಲ’ ಎಂದಳು.

ಪಂಡಿತರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲೋಕವೆಲ್ಲ ಮರೆತ ಅರ್ಥ ಮದ್ದೂರಿನ ಒಬ್ಬ ಮುದುಕಿಯ ಮನೆಯಲ್ಲಿ, ಗೋಪುರಕ್ಕೆ ಹತ್ತದೆ, ಹಡಗಿನಿಂದ ಇಳಿದ ಹಾಗೇ ಉಳಿದುಕೊಂಡಿತ್ತು. ನಿಮ್ಮ ತಂದೆಯವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ. ನೀನು ಪರೀಕ್ಷೆಯಲ್ಲಿ ಫಸ್ಟ್‌ಕ್ಲಾಸು ಬಂದಾಗಲೂ ಅವರು ಅತ್ತಿರಲಿಲ್ಲ, ಬೇಜಾರು ಮಾಡಿಕೊಳ್ಳಬೇಡ.

ಇನ್ಸ್‌ಪೆಕ್ಟರು ಸಂತೆಯ ದಿನ ಮಧ್ಯಾಹ್ನ ಬಂದರು. ಹೊಸ ಬೂಟು, ಕಂಕುಳಲ್ಲಿ ಫೈಲು. ಕಂಬದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ‘ಸಮುದ್ರ ಎಲ್ಲಿ?’ ಎಂದರು.

ಕೆಂಪಸಿದ್ದಯ್ಯ ಹೊಸ ಜೋಡಿ ಹೂಡಿಕೊಂಡು ಅಲ್ಲೇ ನಿಂತಿದ್ದ. ‘ಸಮುದ್ರ ಯಾಕ್ ಸೋಮಿ? ಮುಳುಗೋಕೆ ಈ ವೊಳೆ ಸಾಲ್ದಾ?’

ನಿಮ್ಮ ತಂದೆ ಮುಂದೆ ಬಂದು ಶಬ್ದದ ಕಥೆಯನ್ನೆಲ್ಲ ಪಾಠ ಹೇಳಿದ ಹಾಗೆ ಹೇಳಿದರು. ಅರ್ಧ ಗಂಟೆ. ಇನ್ಸ್‌ಪೆಕ್ಟರು ಮರ್ಯಾದೆಯಿಂದಲೇ ಕೇಳಿದರು, ಕೊನೆಗೆ ಹೇಳಿದರು: ‘ಬಹಳ ಸ್ವಾರಸ್ಯವಾಗಿದೆ ಮೇಷ್ಟ್ರೆ. ಆದರೆ ಶಬ್ದಕ್ಕೆ ಎಣ್ಣೆ ಕೊಡೋ ಕಾಯಿದೆ ಇಲ್ಲ. ನಾನು ಆಚೆದಡದ ಹಳ್ಳೀಲಿ ಧಾನ್ಯದ ಲೆವಿ ವಸೂಲಿ ನೋಡಿಕೊಂಡು ಸಂಜೆ ಬರ್ತೀನಿ. ಅಲ್ಲಿವರೆಗೆ ದೀಪ ಹಚ್ಚಕೂಡದು. ಬಂದಮೇಲೆ ಈ ಡಬ್ಬ ಸೀಲ್ ಮಾಡ್ತೀನಿ.’ ಹೀಗೆಂದು ಕೆಂಪಸಿದ್ದಯ್ಯನ ಗಾಡಿ ಹತ್ತಿದರು. ಬೆಳಕಿತ್ತು, ಹೊಳೆ ಸುಖವಾಗಿ ದಾಟಿತು.

ಸಂಜೆ ಮೋಡ ಕವಿಯಿತು. ಮೇಲೆಲ್ಲೋ ಮಳೆಯಾಗಿ ನೀರು ಮೊಣಕಾಲಿಂದ ತೊಡೆಗೇರಿತ್ತು. ಅಜ್ಜಿ ಕಂಬದ ಹತ್ತಿರ ಬೆಂಕಿಪೊಟ್ಟಣ ಹಿಡಿದು ನಿಂತಿದ್ದಳು. ನಿಮ್ಮ ತಂದೆ, ನಾನು, ಸಂತೆ ಮುಗಿಸಿದ ಅರ್ಧ ಊರು ಅವಳ ಹಿಂದೆ. ಆಚೆಯಿಂದ ಗಾಡಿ ನೀರಿಗಿಳಿದ ಸದ್ದು ಬಂತು, ಗಾಡಿ ಮಾತ್ರ ಕಾಣಲಿಲ್ಲ. ನಡುಹೊಳೆಯಲ್ಲಿ ಸದ್ದು ನಿಂತಿತು.

‘ಯಾಕಯ್ಯಾ ನಿಲ್ಸಿದೆ?’ ಇನ್ಸ್‌ಪೆಕ್ಟರ ದನಿ.

‘ಬಂಡೆ ಎಲ್ಲದೆ ಅಂತ ಗೊತ್ತಾಯ್ತಾ ಇಲ್ಲ ಸೋಮಿ. ಗಟ್ಯಾಗ್ ಇಡ್ಕಳಿ. ಗಾಲಿ ತಪ್ತು ಅಂದ್ರೆ ನಾನೂ ಇಲ್ಲ, ನೀವೂ ಇಲ್ಲ. ಎತ್ತು ಈಜ್ಕಂಡ್ ಓಯ್ತವೆ.’

ಗಾಡಿ ಒಂದು ಕಡೆಗೆ ಕಿರುಗುಟ್ಟಿತು. ಏನೋ ನೀರಿಗೆ ಬಿತ್ತು. ಆಮೇಲೆ ತಿಳಿಯಿತು, ಒದ್ದೆಯಾದೀತೆಂದು ಬಿಚ್ಚಿ ಪಕ್ಕಕ್ಕಿಟ್ಟಿದ್ದ ಬೂಟು.

‘ಯಾರಲ್ಲಿ! ದೀಪ! ದೀಪ ಹಚ್ಚಿ!’

ಅಜ್ಜಿ ಬಾಯಿಗೆ ಎರಡು ಕೈ ಅಡ್ಡ ಹಿಡಿದು ಕೂಗಿದಳು. ‘ಅಪ್ಪಣೆ ಆಗಿಲ್ಲ ಸ್ವಾಮೀ! ನೀವೇ ಬ್ಯಾಡ ಅಂದ್ರಲ್ಲ!’

‘ಈಗ ಹೇಳ್ತಿದೀನಲ್ಲಮ್ಮ! ಹಚ್ಚಮ್ಮ ತಾಯಿ!’

ಅಜ್ಜಿ ನಿಮ್ಮ ತಂದೆಯ ಕಡೆ ತಿರುಗಿ ಬಹಳ ಗಂಭೀರವಾಗಿ ಕೇಳಿದಳು: ‘ಬಾಯ್ಮಾತಿನ ಅಪ್ಪಣೆ ಆಯ್ತದಾ ಮೇಷ್ಟ್ರೆ?’

‘ಸಂಕಟಕಾಲದಲ್ಲಿ ಆಗತ್ತೆ ತಾಯಿ, ಹಚ್ಚಿ ಹಚ್ಚಿ’ ಎಂದರು ನಿಮ್ಮ ತಂದೆ. ಅವರಿಗೆ ನಿಜವಾಗಿ ಗಾಬರಿಯಾಗಿತ್ತು.

ಅಷ್ಟು ಹೊತ್ತಿಗೆ ಅಜ್ಜಿ ಕಡ್ಡಿ ಗೀರಿಯಾಗಿತ್ತು. ಅವಳು ಅಪ್ಪಣೆಗೆ ಕಾದವಳೇ ಅಲ್ಲ. ಲಾಂದ್ರ ಮೇಲೇರಿತು. ಕತ್ತಲೆಯಲ್ಲಿ ಎರಡು ಜೊತೆ ಕೊಂಬು ಕಂಡವು, ಒಮ್ಮೆ ಎಡಕ್ಕೆ ಹೊರಳಿದವು, ನೆಟ್ಟಗಾದವು. ಕೆಂಪಸಿದ್ದಯ್ಯನ ದನಿ ಬಂತು: ‘ಮನಾರ ಕಂಡ್ತು ಸೋಮಿ. ಇನ್ ನಿದ್ದೆ ಮಾಡಿ ಬೇಕಾರೆ.’

ಬರಿಗಾಲಲ್ಲಿ ಇಳಿದ ಇನ್ಸ್‌ಪೆಕ್ಟರು ಕಂಬದ ಕಟ್ಟೆಯ ಮೇಲೆ ಕೂತು, ಅಜ್ಜಿ ಕೊಟ್ಟ ಬಿಸಿ ಚಹಾ ಕುಡಿದು, ಲಾಂದ್ರದ ಬೆಳಕಿನಲ್ಲೇ ಫೈಲು ಬಿಚ್ಚಿ ಬರೆದರು: ‘ಖುದ್ದು ತನಿಖೆ ಮಾಡಲಾಯಿತು. ಒಳನಾಡಿನ ಲೈಟ್‌ಹೌಸು. ಅತ್ಯವಶ್ಯಕ.’ ತಿಂಗಳಿಗೊಂದು ಡಬ್ಬ, ಯುದ್ಧ ಮುಗಿಯುವವರೆಗೆ. ಆಮೇಲೆ ನಿಮ್ಮ ತಂದೆಯವರನ್ನು ಹೊಂಗೆಮರದ ಕೆಳಗೆ ಕರೆದು, ಅರ್ಜಿಯ ಕಾಗದ ತೋರಿಸಿ ಏನೋ ಕೇಳಿದರು, ಅವರೇನೋ ಹೇಳಿದರು. ಸಭೆ ಮುಗಿಯಿತು.

ಇದು ಮನಾರದ ಚರಿತ್ರೆ. ಈಚಿನ ಬೆಳವಣಿಗೆಯನ್ನೂ ಬರೆದುಕೋ: ತಾಲ್ಲೂಕು ಕಚೇರಿಯಲ್ಲಿ ಈಗ ಮೇಜಿನಿಂದ ಮೇಜಿಗೆ ತಡೆಯಿಲ್ಲದೆ ಹೋಗುವ ಕಾಗದಕ್ಕೆ ‘ಮನಾರದ ಫೈಲು’ ಎನ್ನುತ್ತಾರಂತೆ. ಬೆಳಕವಾಡಿಯ ಕಡೆ, ಶಿವನಸಮುದ್ರದಿಂದ ಕರೆಂಟು ಹೊತ್ತು ಹೋಗುವ ಕಬ್ಬಿಣದ ಕಂಬಗಳಿವೆಯಲ್ಲ, ಅವನ್ನು ನೋಡಿ ನಮ್ಮ ಗಾಡಿಯವರು ‘ಅಬ್ಬಾ, ಎಂಥಾ ಮನಾರ’ ಎಂದದ್ದನ್ನು ಕಿವಿಯಾರೆ ಕೇಳಿದ್ದೇನೆ. ಆ ಮರಾಠಿ ಗುಮಾಸ್ತನಿಗೆ ಇದನ್ನೆಲ್ಲ ಹೇಳು. ಅವನು ಮಧ್ಯದಲ್ಲಿ ಎದ್ದುಹೋಗದಂತೆ ಬಾಗಿಲು ಹಾಕಿಕೋ.

ಬೆಳಕವಾಡಿ ಎಂದಾಗ ನೆನಪಾಯಿತು, ನಿಮ್ಮ ತಂದೆಯವರಿಗೆ ಹೋದ ತಿಂಗಳು ಅಲ್ಲಿಗೆ ವರ್ಗವಾದದ್ದು ನಿನಗೆ ತಿಳಿದೇ ಇರುತ್ತದೆ. ಮನೆ ಸಣ್ಣದು, ಬಾವಿಯ ನೀರು ಚೆನ್ನಾಗಿದೆ. ನಾನು ಭಾನುವಾರಗಳಲ್ಲಿ ಸೈಕಲ್ ತುಳಿದು ಹೋಗುತ್ತೇನೆ. ಇವತ್ತೂ ಹೋಗಿ ಈಗ ತಾನೆ ಬಂದೆ. ನಿಮ್ಮ ತಾಯಿ ನಿನಗೆ ಚಕ್ಕುಲಿ ಕಳಿಸುತ್ತಾರಂತೆ. ಡಬ್ಬಿ ನನ್ನ ಕೈಮೇಲೆ ಬರುವುದರಿಂದ ತೂಕ ಕಡಿಮೆಯಾದರೆ ಅಂಚೆಯವರನ್ನು ಅನುಮಾನಿಸಬೇಡ.

ಅಜ್ಜಿ ನಿನಗೆ ದುವಾ ಹೇಳಿದ್ದಾಳೆ, ಬೇಗ ಮದುವೆಯಾಗು ಎಂದಿದ್ದಾಳೆ. ಹನ್ನೊಂದು ದಿನದ ಹಿರಿತನದಿಂದ ನಾನೂ ಹರಸುತ್ತೇನೆ: ನಿನ್ನ ಲೆಕ್ಕಗಳು ತಾಳೆಯಾಗಲಿ, ನಿನ್ನ ತಲೆಗೂದಲು ಉದುರದಿರಲಿ, ಯುದ್ಧ ನಿನ್ನ ಕುರ್ಚಿಯವರೆಗೆ ಬಾರದಿರಲಿ.

ಇತಿ ನಿನ್ನ,
ಅಫ್ಸರ್ ಪಾಷಾ
ಒಳನಾಡಿನ ಲೈಟ್‌ಹೌಸಿನ ಉಪಕಾವಲುಗಾರ, ಚಿಮಣಿಬುರುಡೆ ತಿಕ್ಕುವ ಇಲಾಖೆ

ಮರೆತ ಮಾತು: ಮರೆತದ್ದಲ್ಲ. ನಾಲ್ಕು ಕಾಗದ ಹರಿದದ್ದು ಇದಕ್ಕಾಗಿಯೇ.

ವರ್ಗ ಯಾಕಾಯಿತೆಂದು ನಿಮ್ಮ ತಂದೆ ನಿನಗೆ ಬರೆದಿರುವುದಿಲ್ಲ. ಆ ಅರ್ಜಿಯ ಕೆಳಗಿನ ರುಜು ಅವರು ಹಾಕಿದ್ದಲ್ಲ. ಹೆಸರು ಅವರದು, ಕೈ ನನ್ನದು. ಶಾಲೆಯಲ್ಲಿ ನಾವಿಬ್ಬರೂ ರಜಾಚೀಟಿಗೆ ಹಾಕಿಕೊಳ್ಳುತ್ತಿದ್ದೆವಲ್ಲ, ಹಾಗೇ ಹಾಕಿದೆ. ಹಾಕುವಾಗ ನಗುತ್ತಿದ್ದೆ.

ಹೊಂಗೆಮರದ ಕೆಳಗೆ ಏನು ಮಾತಾಯಿತೆಂದು ನನಗೆ ಕೇಳಿಸಲಿಲ್ಲವೆಂಬಂತೆ ಮೇಲೆ ಬರೆದೆ. ಕೇಳಿಸಿತು. ‘ಮೇಷ್ಟ್ರೆ, ದೀಪ ಬೇಕಾದದ್ದೇ, ಒಪ್ಪಿದೆ. ಆದರೆ ಮೇಲಿನವರ ಅನುಮತಿಯಿಲ್ಲದೆ ಹೀಗೆ ದೃಢೀಕರಿಸಿದ್ದಕ್ಕೆ ನಾನು ವರದಿ ಮಾಡಲೇಬೇಕು. ಈ ರುಜು ನಿಮ್ಮದೇನಾ?’ ಎಂದರು ಇನ್ಸ್‌ಪೆಕ್ಟರು. ನಿಮ್ಮ ತಂದೆ ಕಾಗದವನ್ನು ಲಾಂದ್ರದ ಕಡೆ ತಿರುಗಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ‘ಹೌದು, ನನ್ನದೇ’ ಎಂದರು.

ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮದ್ದೂರಿನಲ್ಲಿ ಎಂದೂ ಮುಚ್ಚದ ಬಾಯಿ ಅಂದು ಮುಚ್ಚಿತು.

ಪೆನ್‌ಷನ್ನಿಗೆ ಹದಿನಾಲ್ಕು ತಿಂಗಳಿದೆ ಅವರಿಗೆ. ಹೆಡ್‌ಮಾಸ್ತರಿಕೆ ಹೋಗಿ, ಬೆಳಕವಾಡಿಯಲ್ಲಿ ಈಗ ತಮಗಿಂತ ಇಪ್ಪತ್ತು ವರ್ಷ ಚಿಕ್ಕವನ ಕೈಕೆಳಗೆ ಒಂದನೆಯ ಕ್ಲಾಸಿಗೆ ಅಕ್ಷರ ತಿದ್ದಿಸುತ್ತಿದ್ದಾರೆ. ವರ್ಗದ ಆರ್ಡರು ಬಂದ ದಿನ ನಾನು ಹೋಗಿ ಅವರ ಕಾಲ ಮೇಲೆ ಬಿದ್ದೆ, ತಾಲ್ಲೂಕು ಕಚೇರಿಗೆ ಹೋಗಿ ಒಪ್ಪಿಕೊಳ್ಳುತ್ತೇನೆಂದೆ. ಅವರೆಂದರು: ‘ಒಪ್ಪಿಕೊಂಡ್ರೆ ನಿನಗೆ ಜೈಲು, ನನಗೆ ಸುಳ್ಳುಗಾರ ಅನ್ನೋ ಹೆಸರು, ನಿಮ್ಮಜ್ಜಿಗೆ ಕತ್ತಲೆ. ಯಾರಿಗೆ ಸುಖ? ಎದ್ದು ಕೈಕಾಲು ತೊಳ್ಕೊ, ಊಟ ಮಾಡು.’ ಎಲೆಯ ಮುಂದೆ ಕೂತಮೇಲೆ, ಯಾರಿಗೋ ಹೇಳುವವರಂತೆ ಮೆಲ್ಲಗೆ ಹೇಳಿದರು: ‘ಜಗಲಿ ಮೇಲೆ ಹಜರತ್ತರ ಜೊತೆ ಕೂತಿದ್ದ ದಿನ ಕೇಳಿದ್ದಿದ್ರೆ ನಾನೇ ನಿಜವಾಗಿ ಹಾಕ್ತಿದ್ದೆನಲ್ಲೋ ಅಫ್ಸರ್. ಲೈಟ್‌ಹೌಸು ಅನ್ನೋದು ಸುಳ್ಳಲ್ಲವಲ್ಲೋ.’

ಅದನ್ನು ನುಂಗುವುದು ನನ್ನಿಂದ ಆಗುತ್ತಿಲ್ಲ ಸಂಪತ್ತು. ಅರ್ಜಿ ನಿಜ, ಶಬ್ದ ನಿಜ, ದೀಪ ನಿಜ. ಇಡೀ ಕಾಗದದಲ್ಲಿ ಸುಳ್ಳಾಗಿದ್ದದ್ದು ನನ್ನ ಕೈ ಒಂದೇ. ಅದನ್ನು ಮುಚ್ಚಲು ಅವರು ಸುಳ್ಳು ಹೇಳಿದರು. ನಿನಗೂ ಗೊತ್ತು, ರೈಲಿನಲ್ಲಿ ನಿನ್ನ ವಯಸ್ಸನ್ನು ಎರಡು ತಿಂಗಳು ಕಡಿಮೆ ಹೇಳಿ ಅರ್ಧ ಟಿಕೀಟು ತೆಗೆಯದ ಮನುಷ್ಯ ಅವರು.

ನೀನು ಸಿಟ್ಟಾಗು. ಈ ಕಾಗದವನ್ನು ಕಚೇರಿಗೆ ಕಳಿಸಬೇಕೆನಿಸಿದರೆ ಕಳಿಸು, ನಾನು ಇಲ್ಲವೆನ್ನುವುದಿಲ್ಲ. ಆ ತೀರ್ಮಾನವನ್ನು ಅವರ ಮಗನ ಕೈಗೆ ಬಿಟ್ಟಿದ್ದೇನೆ. ಆದರೆ ಅದಕ್ಕೆ ಮೊದಲು ಒಂದು ಸಲ ರಜ ಹಾಕಿ ಬೆಳಕವಾಡಿಗೆ ಬಾ. ಇವತ್ತು ನಾನು ಅಲ್ಲಿದ್ದಾಗ ಒಬ್ಬ ರೈತ ಮಗನ ವಯಸ್ಸಿನ ಚೀಟಿಗೆ ರುಜು ಬೇಕೆಂದು ಬಂದ. ನಿಮ್ಮ ತಂದೆ ಪೆನ್ನು ಅದ್ದಿ ಹಾಕಿದರು. ಹಾಕಿ, ಕನ್ನಡಕ ಸರಿಮಾಡಿಕೊಂಡು, ಚೀಟಿಯನ್ನು ಬೆಳಕಿಗೆ ಹಿಡಿದು, ಅದು ತಮ್ಮದೇ ಹೌದೋ ಎಂಬಂತೆ ನೋಡುತ್ತ ಕೂತರು. ರೈತ ಕೈಚಾಚಿಕೊಂಡೇ ನಿಂತಿದ್ದ. ನಿಮ್ಮ ತಾಯಿ ಒಳಗಿನಿಂದ ‘ಏನಂದ್ರೆ, ಕೊಡಬಾರದೇ’ ಎಂದು ಎರಡು ಸಲ ಹೇಳಬೇಕಾಯಿತು.